ಗಾಳಿಯಲ್ಲೂ ನಡೆಯುವ ಮೆಷಿನ್ನು

ಈರಿ, ಪೆನ್ಸಿಲ್ವೇನಿಯ
ನವೆಂಬರ್ 24, ಸೋಮವಾರ ಸಂಜೆ

ಚೆಸ್ಟರ್‌ಗೆ,

‘ಪ್ರೀತಿಯ’ ಎಂದು ಶುರುಮಾಡಿ ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಮಸಿ ಗೀಟು ಅದೇ. ಸೆಪ್ಟೆಂಬರಿನಿಂದ ಆ ಪದಕ್ಕೆ ರಜೆ ಕೊಟ್ಟಿದ್ದೇನೆ. ನಿನ್ನ ಕ್ಷೇಮ ವಿಚಾರಿಸುವುದಕ್ಕೂ ಇದನ್ನು ಬರೆಯುತ್ತಿಲ್ಲ. ವೆಲ್ಡಿಂಗ್ ಮೆಷಿನ್ನಿನ ಬಗ್ಗೆ ಒಂದು ಮಾತು ಕೇಳಬೇಕಿತ್ತು, ಅಷ್ಟೆ. ಫೋನಿನಲ್ಲೇ ಕೇಳುತ್ತಿದ್ದೆ. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನಿನ್ನ ತಮ್ಮ ಎಡ್ಡಿ ಎತ್ತಿ, “ಅಣ್ಣ ಸ್ನಾನಕ್ಕೆ ಹೋಗಿದಾನೆ ಅತ್ತಿಗೆ” ಅನ್ನುತ್ತಾನೆ. ಮದುವೆಯಾದಾಗಿನಿಂದ ಸ್ನಾನ ಮಾಡು ಮಾರಾಯ ಎಂದು ನಾನು ಗಂಟಲು ಹರಿದುಕೊಂಡರೂ ಕುರ್ಚಿ ಬಿಟ್ಟು ಏಳದವನು ಎಡ್ಡಿಯ ಮನೆಯಲ್ಲಿ ದಿನವಿಡೀ ಮೀಯುತ್ತಿದ್ದಾನೆಂದರೆ ನಾನು ನಂಬಬೇಕು.

ವಿಷಯ ಹಸಿರು ವ್ಯಾಗನ್ ಕಾರಿನದು. ನಾನು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸೂಪ್ ಬಡಿಸುತ್ತಿದ್ದಾಗ, ನನ್ನನ್ನೊಂದು ಮಾತು ಕೇಳದೆ ನೀನು ಗುಜರಿಯವನನ್ನು ಕರೆಸಿ ಎಳೆದೊಯ್ಯಲು ಸರಪಳಿ ಹಾಕಿಸಿದ್ದೆಯಲ್ಲ, ಅದೇ ಗಾಡಿ. ಈ ಮನೆಯಲ್ಲಿ ನನ್ನ ಹೆಸರಿನಲ್ಲಿರುವ ಒಂದೇ ವಸ್ತು ಅದು ಎಂದು ನಿನಗೆ ಗೊತ್ತಿತ್ತು. ನಾನು ಬಸ್ಸಿಳಿದು ಬಂದು ಗುಜರಿಯವನನ್ನು ಓಡಿಸಿದಾಗ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಅಡಿ ತಗಡೆಲ್ಲ ಜರಡಿ ಆಗಿದೆ. ವರ್ಷದ ತಪಾಸಣೇಲಿ ಪಾಸಾಗಲ್ಲ. ಈ ತೂತೆಲ್ಲ ಯಾರು ಮುಚ್ತಾರೆ, ನೀನಾ?” ಹೌದು, ನಾನೇ ಮುಚ್ಚುತ್ತೇನೆ ಎಂದೆ. ನೀನು ನಕ್ಕೆ. ಆ ನಗುವಿಗೆ ನಾನು ಅಂದ ಮಾತುಗಳು ಬೀದಿಗೆಲ್ಲ ಕೇಳಿಸಿದವು, ಅದನ್ನು ಮತ್ತೆ ಬರೆಯುವುದಿಲ್ಲ. ನೀನು ಮನೆಯ ಕೀ ತೆಗೆದು ಊಟದ ಮೇಜಿನ ಮೇಲೆ ಕುಕ್ಕಿ, ಪಿಕಪ್ ಹತ್ತಿ ಎಡ್ಡಿಯ ಹತ್ತಿರ ಹೋದೆ. ಕೀ ಅಲ್ಲೇ ಇದೆ. ಅದನ್ನು ಸರಿಸದೆಯೇ ಸುತ್ತ ಮೇಜು ಒರೆಸುತ್ತಿದ್ದೇನೆ.

ಸರಿ, ಮೆಷಿನ್ ವಿಚಾರ. ಮೊದಲು ನೀನು ಬಿಟ್ಟುಹೋದ ರಾಡು ಹಿಡಿದು ಬೆಸೆಯುವ ಹಳೇ ಮೆಷಿನ್ನನ್ನೇ ಹೊರಗೆಳೆದೆ. ಬ್ಯಾಟರಿ ತಂತಿ ಬಿಚ್ಚಿಟ್ಟು, ಪೆಟ್ರೋಲಿನ ಪೈಪ್ ಆ ಕಡೆ ಇಲ್ಲವೆಂದು ನೋಡಿಕೊಂಡು, ಮುಖಕ್ಕೆ ಕವಚ ಹಾಕಿಕೊಂಡು ರಾಡನ್ನು ತಾಗಿಸಿದೆ. ಉಗುರಿನಷ್ಟಿದ್ದ ತೂತು ಅಂಗೈ ಅಗಲವಾಯಿತು. ಇನ್ನೊಂದು ಕಡೆ ತಾಗಿಸಿದರೆ ಅಲ್ಲೂ ಹಾಗೇ. ಪಕ್ಕದ ಮನೆಯ ಕಾರ್ಮೈನ್ ಬೇಲಿಯಾಚೆಯಿಂದ ನೋಡುತ್ತಾ ನಿಂತಿದ್ದ. “ಇರೇನ್, ಅದು ಗೇಟು, ಟ್ರ್ಯಾಕ್ಟರು ಬೆಸೆಯೋ ಮೆಷಿನ್ ಕಣಮ್ಮ. ಗಾಡಿ ತಗಡು ಬಿಸ್ಕತ್ತಿನ ಡಬ್ಬ ಇದ್ದ ಹಾಗೆ. ನೀನು ಮುಚ್ತಾ ಇದೀಯೋ, ಕಿಟಕಿ ಇಡ್ತಾ ಇದೀಯೋ?” ಅಂದ. ಇಷ್ಟು ವರ್ಷ ಟಿಂಕರಿಂಗ್ ಮಾಡುತ್ತೇನೆಂದು ಗ್ಯಾರೇಜಿನಲ್ಲಿ ಕೂತಿರುತ್ತಿದ್ದ ನೀನು, ತೆಳು ತಗಡಿಗೆ ಆಗದ ಮೆಷಿನ್ ಇಟ್ಟುಕೊಂಡು ಏನು ಮಾಡುತ್ತಿದ್ದೆ ಎಂದು ಆವತ್ತೇ ನನಗೆ ಅರ್ಥವಾದದ್ದು. ರೇಡಿಯೊ ಕೇಳುತ್ತಿದ್ದೆ.

ಆಮೇಲೆ ವೆಲ್ಡಿಂಗ್ ಸಾಮಾನಿನ ಅಂಗಡಿಗೆ ಹೋದೆ. ಅಲ್ಲಿ ಫಿಲಿಸ್ ಎಂಬ ಹೆಂಗಸು ಕೂರುತ್ತಾಳೆ, ನನ್ನ ವಯಸ್ಸಿನವಳೇ. ಮನೆಯಲ್ಲಿ ಗಾಡಿ ರಿಪೇರಿಗೆ ಎಂದಾಗ ಎರಡು ಮೆಷಿನ್ ಮುಂದಿಟ್ಟಳು. ಎರಡರಲ್ಲೂ ಸಣ್ಣ ತಂತಿ ತಾನಾಗಿಯೇ ಹೊರಗೆ ಬರುತ್ತದೆ. ಒಂದಕ್ಕೆ ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಬೇಕು. ಕರಗಿದ ಲೋಹವನ್ನು ಆ ಗ್ಯಾಸ್ ಸುತ್ತುವರಿದು ಗಾಳಿ ತಾಗದಂತೆ ಕಾಪಾಡುತ್ತದೆ. ತೆಳು ತಗಡಿಗೆ ಅದೇ ಸರಿ, ಬೆಸುಗೆ ನೀಟಾಗಿ ಬರುತ್ತದೆ ಎಂದಳು. ಇನ್ನೊಂದಕ್ಕೆ ಸಿಲಿಂಡರ್ ಬೇಡ, ತಂತಿಯ ಹೊಟ್ಟೆಯಲ್ಲೇ ಮದ್ದು ತುಂಬಿರುತ್ತದೆ. “ಅದು ಬಯಲಲ್ಲಿ, ಗಾಳೀಲಿ ಕೆಲಸ ಮಾಡೋರಿಗೆ. ಹೊಗೆ, ಕಿಡಿ, ಕಿಟ್ಟ ಎಲ್ಲಾ ಜಾಸ್ತಿ. ಬಿಸೀನೂ ಜಾಸ್ತಿ. ಗ್ಯಾರೇಜ್ ಇದ್ದೋರು ಅದನ್ನ ಯಾಕೆ ತಗೋತಾರೆ?” ಅಂದಳು. ನಾನು ಗ್ಯಾಸಿನದನ್ನೇ ತಂದೆ.

ಅಲ್ಲಿಂದ ಶುರುವಾಯಿತು ನನ್ನ ಗೋಳು. ತೇಪೆ ಕತ್ತರಿಸಿದೆ, ತುಕ್ಕು ಉಜ್ಜಿದೆ, ಬಣ್ಣ ಕೆರೆದೆ, ಒಂದು ಚುಕ್ಕೆ ಇಲ್ಲಿ ಒಂದು ಚುಕ್ಕೆ ಅಲ್ಲಿ ಎಂದು ತಗಡು ಕಾಯದ ಹಾಗೆ ಬೆಸೆದೆ. ಎಲ್ಲವೂ ಹೇಳಿಕೊಟ್ಟ ಹಾಗೆಯೇ. ಆದರೂ ಬೆಸುಗೆಯೆಲ್ಲ ಬ್ರೆಡ್ಡಿನ ಒಳಗಿನ ಹಾಗೆ ತೂತು ತೂತು. ಸ್ಕ್ರೂಡ್ರೈವರಿನಲ್ಲಿ ಕುಟ್ಟಿದರೆ ತೇಪೆ ಉದುರಿ ಬೀಳುತ್ತಿತ್ತು. ಗ್ರೈಂಡರ್ ಹಿಡಿದು ಕೆರೆದು ಮತ್ತೆ ಬೆಸೆದೆ. ಮತ್ತೆ ತೂತು. ತಂತಿ ಬದಲಿಸಿದೆ. ತಂತಿ ಹೊರಬರುವ ಮೂತಿ ಬದಲಿಸಿದೆ. ಸಿಲಿಂಡರ್ ಬದಲಿಸಿದೆ. ಕೊನೆಗೆ ಮೆಷಿನ್ನೇ ಸರಿಯಿಲ್ಲವೆಂದು ಜಗಳವಾಡಿ ಅದೇ ಜಾತಿಯ ಇನ್ನೊಂದು ತಂದೆ. ಅದೂ ಹಾಗೇ. ಕವಚ ಕಿತ್ತು ಗೋಡೆಗೆ ಎಸೆದು, ಗಾಡಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತಿದ್ದೇನೆ. ಹೊಗೆಗೆ ಕಣ್ಣೀರು ಬಂತೆಂದು ಕಾರ್ಮೈನ್‌ಗೆ ಹೇಳಿದೆ.

ಫಿಲಿಸ್ ಕೇಳಿದ್ದಳು, “ಗಾಳಿ ಏನಾದ್ರೂ ಬೀಸ್ತಾ ಇದೆಯಾ? ಸ್ವಲ್ಪ ಬೀಸಿದ್ರೂ ಗ್ಯಾಸ್ ಹಾರಿ ಹೋಗತ್ತೆ, ಬೆಸುಗೆ ತೂತಾಗತ್ತೆ.” ಇಲ್ಲವೇ ಇಲ್ಲ ಎಂದುಬಿಟ್ಟೆ. ಕಾರ್ಮೈನ್ ಅಷ್ಟು ಸುಲಭಕ್ಕೆ ಬಿಡುವವನಲ್ಲ. “ಈರಿ ಸರೋವರದ ಗಾಳಿಯೆಲ್ಲ ನಿನ್ನ ಗ್ಯಾರೇಜಿನೊಳಗೇ ಇದೆ. ಬಾಗಿಲು ಎಳಿಯಮ್ಮ ತಾಯಿ” ಅಂದ. ಸುಟ್ಟ ಬಣ್ಣದ ಹೊಗೆ ಎದೆಗೆ ಹೋಗುತ್ತದೆ, ಮುಚ್ಚುವುದಿಲ್ಲ ಎಂದೆ. ಹಿಂದಿನ ಕಿಟಕಿ ತೆಗೆದು ಕೆಲಸ ಮಾಡು ಎಂದ. ಕಿಟಕಿ ಹಿಡಿದುಕೊಂಡಿದೆ ಎಂದೆ. ಅವನೇ ಬಂದು ಒಂದು ಗುದ್ದು ಗುದ್ದಿ ಕಿಟಕಿ ತೆಗೆದು, ನನ್ನ ಮುಖ ನೋಡಿ, ಎತ್ತಿಟ್ಟ ಬಾಗಿಲು ನೋಡಿ, ತನ್ನ ಮನೆಗೆ ಹೋದ.

ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ರೋಸಿಹೋಗಿ ಬಾಗಿಲು ಎಳೆದೇಬಿಟ್ಟೆ. ಬೆಳಗ್ಗೆ ತಾನೇ ಮೊದಲ ಹಿಮ ಬಿದ್ದಿತ್ತು. ಹಿಂದಿನ ಕಿಟಕಿ ತೆರೆದು, ಕವಚ ಹಾಕಿ ಕೂತೆ. ಚೆಸ್ಟರ್, ಆವತ್ತಿನ ಬೆಸುಗೆ ನೀನು ನೋಡಬೇಕಿತ್ತು. ಒಂದು ತೂತಿಲ್ಲ. ಮೆಷಿನ್ನಿನ ಸದ್ದೂ ಬೇರೆಯಾಗಿತ್ತು, ಬಾಣಲೆಯಲ್ಲಿ ಬೇಕನ್ ಹುರಿದ ಹಾಗೆ ಒಂದೇ ಸಮನೆ. ನಾನು ಊಟ ಮರೆತೆ. ಕತ್ತಲಾಗುವ ಹೊತ್ತಿಗೆ, ಯಾರಿಗಾದರೂ ತೋರಿಸೋಣ ಎಂದು ಕಾರ್ಮೈನ್‌ನನ್ನು ಕರೆಯಲು ಬಾಗಿಲು ಎತ್ತಿದೆ.

ಹಿಮದ ಮೇಲೆ ಗಾಲಿಯ ಗುರುತಿತ್ತು. ಬೀದಿಯಿಂದ ಅಂಗಳಕ್ಕೆ ಬಂದದ್ದು, ಹಿಂದಕ್ಕೆ ಹೋದದ್ದು. ನಡುವೆ ಒಂದೇ ಜಾಗದಲ್ಲಿ ಕಪ್ಪಗೆ ಎಣ್ಣೆ. ನಾಳೆ ಸರಿಮಾಡುತ್ತೇನೆ ಎಂದು ನೀನು ಹೇಳುತ್ತಲೇ ಬಂದಿರುವ ನಿನ್ನ ಪಿಕಪ್ಪಿನ ಸೋರಿಕೆ. ಅಷ್ಟು ಎಣ್ಣೆ ಬಿದ್ದಿರಬೇಕಾದರೆ ಸುಮಾರು ಹೊತ್ತೇ ನಿಂತಿದ್ದೀಯ. ನಿನ್ನ ಬೂಟಿನ ಗುರುತು ಗ್ಯಾರೇಜಿನ ಬಾಗಿಲವರೆಗೂ ಬಂದು ಹಾಗೇ ತಿರುಗಿತ್ತು. ಮುಂಬಾಗಿಲ ಕಡೆ ಒಂದು ಹೆಜ್ಜೆಯೂ ಇರಲಿಲ್ಲ.

ನಿನಗೆ ಬುದ್ಧಿ ಇದೆಯಾ? ಬೆಲ್ ಯಾತಕ್ಕಿದೆ? ಗೊತ್ತು, ನಮ್ಮ ಬೀದಿಯಲ್ಲಿ ಮನೆಯವರು ಯಾರೂ ಮುಂಬಾಗಿಲಲ್ಲಿ ಬರುವುದಿಲ್ಲ. ಅದು ಪಾದ್ರಿಗಳಿಗೆ, ಏನಾದರೂ ಮಾರಲು ಬಂದವರಿಗೆ. ನಾವೆಲ್ಲ ಗ್ಯಾರೇಜಿನಿಂದಲೇ ನುಗ್ಗಿ ಅಡುಗೆಮನೆಗೆ ಬರುವವರು. ಕೀ ಇಲ್ಲದವನು ತನ್ನದೇ ಮನೆಯ ಬೆಲ್ ಒತ್ತಿ ಅಪರಿಚಿತನ ಹಾಗೆ ಟೋಪಿ ಹಿಡಿದು ನಿಲ್ಲುವುದು ಹೇಗೆ ಎಂದು ಅಂದುಕೊಂಡಿರುತ್ತೀಯ. ಬಾಗಿಲನ್ನು ಒದೆಯಬಹುದಿತ್ತು. ಹಾರ್ನ್ ಹೊಡೆಯಬಹುದಿತ್ತು. ಕವಚದೊಳಗೆ ನನಗೇನೂ ಕೇಳಿಸುವುದಿಲ್ಲ ಎಂದು ವೆಲ್ಡಿಂಗ್ ಗೊತ್ತಿರುವ ನಿನಗೆ ಹೊಳೆಯಲಿಲ್ಲವೇ? ಒಳಗೆ ಮೆಷಿನ್ ಓಡುತ್ತಿತ್ತು, ಮುಚ್ಚಿದ್ದು ಗಾಳಿಗೆ, ನಿನಗಲ್ಲ. ಇಷ್ಟೂ ಅರ್ಥವಾಗದವನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆನೋ.

ಕೀ ಟಪಾಲಿನಲ್ಲಿ ಕಳಿಸಿಬಿಡು ಎಂದು ಕಾರ್ಮೈನ್ ಹೇಳಿದ. ಕಳಿಸುವುದಿಲ್ಲ. ಕುಕ್ಕಿದವನು ನೀನು, ಎತ್ತಿಕೊಳ್ಳಬೇಕಾದವನೂ ನೀನೇ. ನನಗೂ ಸ್ವಲ್ಪ ಹಟವಿದೆ, ನಿನ್ನೊಬ್ಬನ ಸೊತ್ತಲ್ಲ ಅದು.

ಈಗ ಕೇಳಬೇಕಾದ್ದು ಇದು. ಹೋದ ಗುರುವಾರ ಆ ಗ್ಯಾಸಿನ ಮೆಷಿನ್ನನ್ನು ಅಂಗಡಿಗೆ ವಾಪಸ್ಸು ಹಾಕಿ, ಗ್ಯಾಸ್ ಬೇಡದ ಇನ್ನೊಂದನ್ನು ತಂದಿದ್ದೇನೆ. ಫಿಲಿಸ್ ಕನ್ನಡಕದ ಮೇಲಿನಿಂದ ನೋಡಿದಳು. “ಅಷ್ಟು ಚೆನ್ನಾಗಿ ಬೆಸುಗೆ ಬರ್ತಾ ಇದೆ ಅಂತೀಯ, ಮತ್ತೆ ಈ ಒರಟನ್ನ ಯಾಕೆ ತಗೊಂಡು ಹೋಗ್ತೀಯ?” ನಮ್ಮ ಮನೇಲಿ ಗಾಳಿ ಜಾಸ್ತಿ ಎಂದೆ. ಇದು ತೋಳಿಗೆಲ್ಲ ಕಿಡಿ ಹಾರಿಸುತ್ತದೆ, ನಿನ್ನ ಹಳೇ ಕೋಟು ಜಾಲರಿಯಾಗಿದೆ. ಆದರೆ ಬಾಗಿಲು ಪೂರ್ತಿ ತೆರೆದಿದ್ದರೂ, ಸರೋವರದ ಕಡೆಯಿಂದ ಬಿರುಗಾಳಿ ಬಂದರೂ ಹಿಡಿಯುತ್ತದೆ. ಡ್ರೈವರ್ ಕಡೆ ಬಾಗಿಲ ಕೆಳಗೆ ಇನ್ನೂ ಎರಡು ತೂತು ಉಳಿದಿವೆ. ಬೆಸೆಯುವಾಗ ಹಿಂದಿನಿಂದ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ತಗಡು ಸುಟ್ಟುಹೋಗುವುದಿಲ್ಲವಂತೆ. ನನಗೆ ಇರುವುದು ಎರಡೇ ಕೈ. ತಿಂಗಳ ಕೊನೆಗೆ ತಪಾಸಣೆಯ ಗಡುವು ಮುಗಿಯುತ್ತದೆ. ಅಷ್ಟರಲ್ಲಿ ಆಗದಿದ್ದರೆ ಗುಜರಿಯವನನ್ನು ಕರೆದು ನೀನೇ ಗೆದ್ದೆ ಎಂದು ಒಪ್ಪಿಕೊಳ್ಳಬೇಕು. ಪಟ್ಟಿ ಹಿಡಿಯಲು ಬರುತ್ತೀಯೋ ಇಲ್ಲವೋ ತಿಳಿಸು. ಎಡ್ಡಿಯ ಕೈಲಿ ಹೇಳಿಸಬೇಡ.

ಇನ್ನೂ ನಿನ್ನ ಹೆಂಡತಿಯಾದ,
ಇರೇನ್

ಮರೆತ ಮಾತು: ಎರಡು ತೂತು ಉಳಿದಿವೆ ಎಂದದ್ದು ಸುಳ್ಳು. ಆ ಭಾನುವಾರವೇ ಎಲ್ಲ ಮುಗಿದಿತ್ತು. ಹೋದ ಬುಧವಾರ ತಪಾಸಣೆಯವನು ಅಡಿಯಲ್ಲಿ ಮಲಗಿ ಎಲ್ಲಾ ಕಡೆ ಕುಟ್ಟಿ ನೋಡಿ, ಯಾರು ಮಾಡಿದ್ದು ಎಂದು ಕೇಳಿ ಪಾಸಾದ ಸ್ಟಿಕರ್ ಅಂಟಿಸಿದ. ಇವತ್ತು ಶಾಲೆಗೆ ನನ್ನ ಗಾಡಿಯಲ್ಲೇ ಹೋಗಿ ಬಂದೆ. ಹೊಸ ಮೆಷಿನ್ನಿನಲ್ಲಿ ಬೆಸೆಯುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ದಿನಾ ಸಂಜೆ ಗ್ಯಾರೇಜಿನ ಬಾಗಿಲು ಎತ್ತಿಟ್ಟು, ಹಳೇ ತಗಡಿಗೆ ಹಳೇ ತಗಡು ಬೆಸೆಯುತ್ತಾ ಕೂತಿರುತ್ತೇನೆ. ಸುಮ್ಮನೆ ಬಾಗಿಲು ತೆರೆದು ಕೂತರೆ ಕಾರ್ಮೈನ್ ಏನೆಂದುಕೊಳ್ಳುತ್ತಾನೆ? ಈ ಗುರುವಾರದ ಹಬ್ಬದೂಟಕ್ಕೆ ಟರ್ಕಿ ಕೋಳಿ ತಂದಿದ್ದೇನೆ, ಚಿಕ್ಕದು ಸಿಗಲಿಲ್ಲ. ಚಳಿಗೆ ನನ್ನ ಬೆರಳು ಮರಗಟ್ಟುತ್ತಿವೆ, ಚೆಸ್ಟರ್. ಒಳಗೆ ಬಂದ ಮೇಲೆ ಬಾಗಿಲು ನೀನೇ ಎಳೆದುಬಿಡು.