ಬಿಸಿಲಿಗೆ ಸಿಗದ ಕಾರು

ನನ್ನ ಮನೆಯೊಡತಿಗೆ,

ನಮ್ಮ ಮನೆ ಕತ್ತಲಾಗಲು ಮೋಡವೇ ಕಾರಣವೆಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು, ಕ್ಷಮೆಯಿರಲಿ. ಆಕಾಶ ನಿರಪರಾಧಿ.

ತಂತಿಯ ವಿದ್ಯುತ್ತು ಬಾರದ ನಮ್ಮ ಮನೆಗೆ ಸೌರಫಲಕಗಳೇ ಗತಿ. ಆದರೆ ಬಿಸಿಲಿರುವಷ್ಟು ಹೊತ್ತೂ ನನ್ನ ಹೊಸ ವಿದ್ಯುತ್ ಕಾರು ನಾನು ಕೆಲಸ ಮಾಡುವ ಮುದ್ರಣಾಲಯದ ನೆರಳಿನಲ್ಲಿ ನಿಂತಿರುತ್ತದೆ. ಸಂಜೆ ಮನೆಗೆ ಬಂದು, ನಿನ್ನ ಮಿಕ್ಸಿಗೂ ಫ್ರಿಜ್ಜಿಗೂ ಎಂದು ಮನೆಯ ಬ್ಯಾಟರಿಯಲ್ಲಿ ಕೂಡಿಟ್ಟದ್ದನ್ನೆಲ್ಲ ಕುಡಿದುಬಿಡುತ್ತದೆ. ಇದನ್ನು ಕಂಡುಹಿಡಿದವನು ನಾನಲ್ಲ, ಪಕ್ಕದ ಮನೆಯ ದರ್ಜಿ.

"ಏನ್ ಯಜಮಾನ್ರೇ, ಬಿಸಿಲು ಬಡಿಸೋ ಹೊತ್ತಿಗೆ ಕಾರನ್ನ ಊರು ಸುತ್ತಿಸಿ, ಸಂಜೆ ಮನೆಯವರ ತಟ್ಟೆಗೆ ಕೈ ಹಾಕಿಸ್ತೀರಲ್ಲ!" ಎಂದ.

"ಕಾರು ಬೇಕೋ ನಾನು ಬೇಕೋ, ತೀರ್ಮಾನ ಮಾಡ್ಕೊಂಡು ಕರೆಯೋಕೆ ಬನ್ನಿ" ಎಂದು ಆವತ್ತು ನೀನು ಅಕ್ಕನ ಮನೆಗೆ ಹೊರಟಿದ್ದೆ. ತೀರ್ಮಾನಿಸಿದ್ದೇನೆ. ಮೊನ್ನೆಯಿಂದಲೇ ಹಗಲೆಲ್ಲ ಕಾರು ಮನೆಯಲ್ಲಿರುತ್ತದೆ, ಮನೆ ಉಂಡು ಮಿಕ್ಕದ್ದನ್ನು ಉಣ್ಣುತ್ತದೆ. ನಾನು ಬಸ್ಸಿನಲ್ಲಿ ಓಡಾಡುತ್ತೇನೆ. ದಯವಿಟ್ಟು ಪೆಟ್ಟಿಗೆ ಕಟ್ಟಿಡು.

ತಪ್ಪೊಪ್ಪಿಕೊಂಡ,
ನಿನ್ನ ಮನೆಯವನು

ಹಿಂದಿನ ಪತ್ರದ ದಿನಾಂಕಗಳನ್ನು ಹೀಗೆ ತಿದ್ದಿಕೊಳ್ಳುವುದು:
ಮಿಕ್ಸಿ ತಿರುಗುವ ದಿನ: ಹದಿನಾಲ್ಕಲ್ಲ, ನಿನ್ನೆಯೇ ತಿರುಗಿತು.
ಕಾರು ಪೂರ್ತಿ ತುಂಬುವ ದಿನ: ಹದಿನೈದಲ್ಲ, ಹದಿನೆಂಟು.
ನಾನು ನಿನ್ನನ್ನು ಕರೆಯಲು ಬರುವ ದಿನ: ಹದಿನಾರಲ್ಲ, ಹತ್ತು; ಬಸ್ಸಿನಲ್ಲಿ.