ಹಳದಿ ಬಣ್ಣ ಹೊಡೆಸಿದ ಆ ಕಂಬಿ

ಬೆಟ್ಟದ ಕೋಟೆಗಳ ಚಾರಣ ದಾರಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿಯ ಮಗಳು ನಿಶಾ ಸೆಲ್ಫಿ ತೆಗೆಯಲು ಹೋಗಿ ಬಿದ್ದಳೆಂದು ನೀವು ಪತ್ರಿಕೆಯವರಿಗೆ ಹೇಳಿದ್ದು ಶುದ್ಧ ಸುಳ್ಳು. ಅವಳು ಬಿದ್ದದ್ದು ನೀವು ಹಾಕಿಸಿದ ಕಬ್ಬಿಣದ ಕಂಬಿಯನ್ನು ನಂಬಿ.

ನಿಮಗೆ ನೆನಪಿರಲಾರದು, ದಿನಕ್ಕೊಂದು ಸನ್ಮಾನ ನಿಮಗೆ. ಸಾಂತಾಕ್ರೂಜಿನ ನಮ್ಮ ಸಂಘದ ಸಭೆಗೆ ಮುಖ್ಯ ಅತಿಥಿಯಾಗಿ ಬಂದಿರಿ. ಶಾಲು ಹೊದೆಸಿದವನು ನಾನೇ. ನನ್ನ ಹೋಟೆಲಿನ ಗೋಳಿಬಜೆಯನ್ನು ಬಾಯ್ತುಂಬ ಹೊಗಳಿ, ಕೋಟೆ ದಾರಿಯ ಬಂಡೆಯ ಉದ್ದಕ್ಕೂ ಹೊಸ ಕಂಬಿ ಬಂದಿದೆ, ಹೆಂಗಸರು ಮಕ್ಕಳೆಲ್ಲ ಧೈರ್ಯವಾಗಿ ಬನ್ನಿ ಎಂದು ಮೈಕಿನಲ್ಲಿ ಕರೆದಿರಿ. ನಾವು ಚಪ್ಪಾಳೆ ತಟ್ಟಿದೆವು. ಕರೆದಲ್ಲಿಗೆ ಹೋದೆವು ಕೂಡ.

ಕಡಿದಾದ ಬಂಡೆಯ ಬಳಿ ಕಂಬಿ ಹಳದಿ ಬಣ್ಣದಲ್ಲಿ ಮದುಮಗಳ ಹಾಗೆ ಮಿನುಗುತ್ತಿತ್ತು. ನಿಶಾಳಿಗೆ ಎತ್ತರವೆಂದರೆ ಭಯ. ತನ್ನ ಫೋನನ್ನು ನನಗೆ ಕೊಟ್ಟಳು.

"ಮಾಮಾ, ಇದು ನೀವು ಇಟ್ಕೊಳ್ಳಿ. ನಂಗೆ ಎರಡೂ ಹಾಥ್ ಬೇಕು, ಪಕ್ಕಾ ಹಿಡ್ಕೊಳ್ಳಲಿಕ್ಕೆ."

ಪಕ್ಕಾ ಹಿಡಿದಳು. ಕಂಬಿ ಬುಡಸಮೇತ ಕಿತ್ತು ಬಂತು. ಒಳಗೆಲ್ಲ ತುಕ್ಕು, ಹೊಸದಾಗಿದ್ದದ್ದು ಬಣ್ಣ ಮಾತ್ರ. ಅವಳು ಕೆಳಗಿನ ಬಂಡೆಗೆ ಬಿದ್ದು ಬಲಗೈ ಮುರಿದುಕೊಂಡಾಗ, ಆ ಫೋನ್ ನನ್ನ ಅಂಗಿಯ ಜೇಬಿನಲ್ಲಿತ್ತು. ಹಾಗಾದರೆ ಸೆಲ್ಫಿ ತೆಗೆದದ್ದು ಯಾವುದರಲ್ಲಿ ಸ್ವಾಮೀ?

ಇದನ್ನೇ ನಿಮ್ಮ ಕಚೇರಿಗೆ ಬಂದು ಹೇಳಿದೆ. ಗೋಳಿಬಜೆ ತಿಂದವರಿಗೆ ನನ್ನ ಮುಖದ ಗುರುತೇ ಸಿಗಲಿಲ್ಲ. ಈಗ ಬೆಟ್ಟದ ಬುಡದಲ್ಲಿ ಒಂದು ಬೋರ್ಡು ನಿಲ್ಲಿಸಿದ್ದೀರಿ: ಸ್ವಂತ ಜವಾಬ್ದಾರಿಯಲ್ಲಿ ಹತ್ತಿ. ಕರೆದವರು ನೀವು, ಜವಾಬ್ದಾರಿ ನಮ್ಮದು. ಇದಕ್ಕಿಂತ ದೊಡ್ಡ ದ್ರೋಹ ಬೇಕೇ?

ತಂಗಿ ಸೇವಂತಿ ಮೊನ್ನೆ ಅತ್ತಳು. "ಬಿಲ್ಡಿಂಗಿನವರೆಲ್ಲ ಕೇಳ್ತಾರೆ ಅಣ್ಣ, ನಿಮ್ಮ ಹುಡುಗಿಗೆ ಫೋಟೋದ ಮರ್ಲು ಅಲ್ವಾ ಅಂತ. ಎಷ್ಟು ಜನಕ್ಕೆ ಹೇಳುವುದು ನಾನು?"

ನಿಶಾಳ ಕೈ ಕೂಡಿದೆ. ಆದರೆ ಬೊರಿವಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವಳು ಕಂಬಿ ಮುಟ್ಟುವುದಿಲ್ಲ. ಲೋಕಲ್ ರೈಲಿನಲ್ಲಿ ಹಿಡಿಕೆಗೆ ಕೈ ಚಾಚುವುದಿಲ್ಲ. ಅಮ್ಮನ ತೋಳು ಹಿಡಿದುಕೊಂಡು ಫೋರ್ಟ್ ಏರಿಯಾದ ಆಫೀಸಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳನ್ನು ಆಫೀಸಿನ ಬಾಗಿಲಲ್ಲಿ ಬಿಟ್ಟು ಸೇವಂತಿ ಒಬ್ಬಳೇ ವಾಪಸ್ ಬರುತ್ತಾಳೆ, ಸಂಜೆ ಮತ್ತೆ ಹೋಗುತ್ತಾಳೆ.

ಸುಳ್ಳು ಅಚ್ಚಾದ ಪತ್ರಿಕೆಯಲ್ಲೇ ಅದನ್ನು ಹಿಂತೆಗೆದುಕೊಳ್ಳಿ. ಕಂಬಿಯನ್ನು ಬಂಡೆಗೆ ಗಟ್ಟಿಯಾಗಿ ಕೂರಿಸಿ. ಆಮೇಲೆ ತಾವೇ ಬೆಟ್ಟಕ್ಕೆ ಬನ್ನಿ. ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಿಂದ ಆ ಕಂಬಿ ಹಿಡಿದು, ಪೂರ್ತಿ ಭಾರ ಹಾಕಿ ಜೋತುಬೀಳಿ. ನಿಶಾ ನೋಡಬೇಕು.

ಇಂತಿ,
ನಿಮಗೆ ಶಾಲು ಹೊದೆಸಿ ಚಪ್ಪಾಳೆಯನ್ನೂ ತಟ್ಟಿದ
ದೂಜ ಪೂಜಾರಿ, ಸಾಂತಾಕ್ರೂಜ್