ಶನಿವಾರದ ಟಿಕ್

ಜನವರಿ 11, ಶನಿವಾರ

ಕಂಪ್ಯೂಟರಿಗೆ ಡಿಸ್ಕ್ ಚುಚ್ಚಿದೆ. ಹೆಂಡತಿಯ ಕೆಲಸದ ಫೋಟೋಗಳೆಲ್ಲ ಕಾಪಿ ಆಗುವವರೆಗೆ ಕಾದೆ. ಇಪ್ಪತ್ತು ನಿಮಿಷ, ಒಂದು ಲೋಟ ಟೀ. ಡಿಸ್ಕ್ ಕಿತ್ತೆ. ಬೀರುವಿನಲ್ಲಿ ಅವಳ ಸ್ವೆಟರುಗಳ ಕೆಳಗೆ ಇಟ್ಟೆ. ಗೋಡೆಯ ಹಾಳೆಗೆ ಟಿಕ್ ಹಾಕಿದೆ. ಎರಡನೇ ಶನಿವಾರ.

ಪ್ರತಿ ಶನಿವಾರ ಕಾಪಿ ಮಾಡಿ ಟಿಕ್ ಹಾಕಿ ಅಂತ ಈ ಹಾಳೆ ಅಂಟಿಸಿ ಹೋದವನು ಭಾವ. ಅವಳ ಅಕ್ಕನ ಗಂಡ. ಅವಳಿಗೆ ಭಾವ, ನನಗೆ ಷಡ್ಡಕ. ಅರಿಷಡ್ವರ್ಗ ಅಂತ ಆರೇ ಶತ್ರುಗಳನ್ನು ಎಣಿಸಿ ನಿಲ್ಲಿಸಿದವರ ಹೆಂಡತಿಗೆ ಅಕ್ಕ ಇರಲಿಲ್ಲ ಅಂತ ಕಾಣುತ್ತದೆ. ಅವನ ಕೆಲಸ — ಲಿಫ್ಟ್ ಪರೀಕ್ಷೆ. ಕಟ್ಟಡ ಕಟ್ಟಡ ಸುತ್ತಿ, ಹಗ್ಗ, ಬ್ರೇಕು, ಬಾಗಿಲು ನೋಡಿ, ಒಳಗೆ ತೂಗುಬಿಟ್ಟ ಹಾಳೆಗೆ ಟಿಕ್ ಹಾಕಿ ಸಹಿ ಮಾಡುವುದು. ಲಿಫ್ಟ್ ಮೇಲೆ ಕೆಳಗೆ ಎರಡೂ ಕಡೆ ಹೋಗುತ್ತದೆ. ಈತ ನಮ್ಮ ಮನೆಯಲ್ಲಿ ಬರೀ ಮೇಲಕ್ಕೇ.

ಹೋದ ತಿಂಗಳ ಕೊನೇ ಭಾನುವಾರ ಬಂದು, ಅವಳ ಕಂಪ್ಯೂಟರಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತ. ಬಾಕಿ ಇದ್ದ ಅಪ್‌ಡೇಟ್ ಎಲ್ಲ ಹಾಕಿದ. ಆಂಟಿವೈರಸ್ ಹಾಕಿದ. ಪಾಸ್‌ವರ್ಡ್ ಕೇಳಿದ. ನಾನು ಪ್ರೀತಿಯಿಂದ ಇಟ್ಟದ್ದು, ಅವಳ ಹುಟ್ಟಿದ ತಾರೀಖು.

“ಮೇಷ್ಟ್ರೇ, ಇದು ಕಳ್ಳನಿಗೂ ಗೊತ್ತಿರುತ್ತಲ್ರೀ!”

“ಕಳ್ಳನಿಗಾದ್ರೂ ನೆನಪಿರುತ್ತೆ ಬಿಡಿ ಭಾವ,” ಅಂದಳು ಇವಳು. “ಇವರು ಹೋದ ವರ್ಷ ಮರೆತೇಬಿಟ್ಟಿದ್ರು.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಹಲ್ಲು ತೋರಿಸುವುದು ನಗು ಅನ್ನುವುದಾದರೆ.

ಜನವರಿ 14, ಮಂಗಳವಾರ

ಇವತ್ತು ತಿಳಿದದ್ದು. ಕಂಪ್ಯೂಟರಿನಲ್ಲಿ ಈಗ ಎರಡು ದರ್ಜೆ. ಏನು ಬೇಕಾದರೂ ಹಾಕುವ, ತೆಗೆಯುವ ಅಧಿಕಾರದ ಪಾಸ್‌ವರ್ಡ್ ಅವಳಿಗೂ ಭಾವನಿಗೂ ಮಾತ್ರ ಗೊತ್ತು. ನಾನು ‘ಸಾಧಾರಣ ಬಳಕೆದಾರ’. ಮದುವೆಯಾಗಿ ಹದಿನಾರು ವರ್ಷದ ಮೇಲೆ ಲಿಖಿತ ಸರ್ಟಿಫಿಕೇಟು.

ಕೇಳಿದೆ. “ನನಗ್ಯಾಕಿಲ್ಲ?”

“ಎಲ್ಲರ ಕೈಲೂ ಬೀಗದ ಕೈ ಇದ್ರೆ ಬೀಗ ಯಾಕ್ರೀ? ನಾನೂ ದಿನಾ ಕೆಲಸ ಮಾಡೋದು ಸಾಧಾರಣದಲ್ಲೇ. ಭಾವ ಹೇಳಿದ್ದಾರೆ.”

ಭಾವ ಹೇಳಿದ್ದಾರೆ. ಅವಳಿಗೆ ಭಾವ, ನನಗೆ ಅಭಾವ.

ಫೈರ್‌ವಾಲ್ ಅಂತ ಒಂದಿದೆಯಂತೆ. ಹೊರಗಿನ ಬೆಂಕಿ ಒಳಗೆ ಬರದ ಹಾಗೆ ಗೋಡೆ. ಹೊಟ್ಟೆಯೊಳಗಿನ ಕಿಚ್ಚಿಗೆ ಎಂಥ ಗೋಡೆ ಕಟ್ಟುತ್ತಾನೋ ಕೇಳಬೇಕು.

ಜನವರಿ 25, ಶನಿವಾರ

ಕಾಲೇಜಿನಿಂದ ಬಂದೆ. ಅವಳು ಅಕ್ಕನ ಜೊತೆ ಫೋನಿನಲ್ಲಿ. “ಭಾವನ ತಾಳ್ಮೆ ನೋಡೇ… ಒಂದು ಸಲಾನೂ ‘ಅಷ್ಟೂ ಗೊತ್ತಿಲ್ವಾ’ ಅನ್ನಲ್ಲ. ನಮ್ಮನೇಲಿ ನಾನು ಏನಾದ್ರೂ ಕೇಳಿದ್ರೆ ಮೊದಲು ಮೂರು ಜೋಕು, ಆಮೇಲೆ ಉತ್ತರ. ಒಂದೊಂದ್ ಸಲ ಉತ್ತರಾನೂ ಇಲ್ಲ.”

ಡಿಸ್ಕ್ ಕೈಗೆತ್ತಿಕೊಂಡೆ. ಅವನಿಟ್ಟ ಕೆಲಸ ನಾನು ಯಾಕೆ ಮಾಡಲಿ? ಅವನೇನು ಪ್ರಿನ್ಸಿಪಾಲನೆ? ವಾಪಸ್ಸು ಸ್ವೆಟರಿನ ಕೆಳಗೆ.

ಟಿಕ್ ಹಾಕಿದೆ. ಹಾಕದಿದ್ದರೆ ಅವಳು ಕೇಳುತ್ತಾಳೆ.

ಫೆಬ್ರವರಿ 5, ಬುಧವಾರ

ಹಳೇ ಫೋಟೋಗಳಿಗೆ ಜೀವ ಕೊಡುವುದು ಅವಳ ಕಸುಬು. ಗೀರು, ಮಡಿಕೆ, ಗೆದ್ದಲು ತಿಂದ ಕಿವಿ — ಎಲ್ಲ ಸ್ಕ್ರೀನಿನ ಮೇಲೆ ಕೂತು ತೇಪೆ ಹಾಕುತ್ತಾಳೆ. ಮುಂದಿನ ಬೀದಿಯ ಮುದಿ ದರ್ಜಿ ಇವತ್ತು ಬಂದಿದ್ದ. ಬಟ್ಟೆಯಲ್ಲಿ ಸುತ್ತಿ ತಂದ ಫ್ರೇಮು. ಅವನ ತಾಯಿ, ಹೊಲಿಗೆ ಯಂತ್ರದ ಮುಂದೆ. ಇರುವುದು ಅದೊಂದೇ ಫೋಟೋ. ಗಾಜಿಗೆ ಅಂಟಿಹೋಗಿದೆ.

ಅವಳು ಮೊದಲು ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಕೊಂಡಳು. ಆಮೇಲೆ ಬಿಡಿಸಲು ನೋಡಿದಳು. ಯಂತ್ರ ಬಂತು, ಸೀರೆಯ ಅಂಚು ಬಂತು, ಮುಖ ಗಾಜಿಗೇ ಉಳಿದು ಪುಡಿಯಾಯಿತು. ದರ್ಜಿ ಎದುರಿಗೇ ಕೂತಿದ್ದ.

“ಸ್ಕ್ಯಾನ್ ಇದೆ ಅಜ್ಜ, ಹೆದರ್ಬೇಡಿ. ಇದ್ದದ್ದು ಇದ್ದ ಹಾಗೇ ಬರುತ್ತೆ.”

“ನಿನ್ನ ಕೈ ಮೇಲೆ ನಂಬಿಕೆ ಇದೆ ತಾಯಿ. ಕತ್ತರಿ ಹಿಡಿಯೋನಿಗೆ ಕೈ ನೋಡಿದ್ರೆ ಗೊತ್ತಾಗುತ್ತೆ.”

ಮಾರ್ಚ್ 15ಕ್ಕೆ ಕೊಡುತ್ತೇನೆ ಅಂದಿದ್ದಾಳೆ.

ಫೆಬ್ರವರಿ 16, ಭಾನುವಾರ

ಊಟಕ್ಕೆ ಕೂತಾಗ ಮುಖ ಊದಿಸಿಕೊಂಡಿದ್ದೆ. ಅವಳೇ ಒಂದು ಚೀಟಿಯಲ್ಲಿ ಆ ದೊಡ್ಡ ಪಾಸ್‌ವರ್ಡ್ ಬರೆದು ತಟ್ಟೆಯ ಪಕ್ಕ ಇಟ್ಟಳು.

“ತಗೊಳ್ಳಿ. ಇದಕ್ಕೂ ಭಾವನಿಗೂ ಸೇರಿಸಿ ಒಂದು ತಿಂಗಳಿಂದ ಉರ್ಕೋತಿದ್ದೀರಿ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?”

“ಉರಿಯೋಕೆ ನಾನೇನು ಸೌದೆಯಾ?”

“ಹಸಿ ಸೌದೆ. ಉರಿ ಕಮ್ಮಿ, ಹೊಗೆ ಜಾಸ್ತಿ.”

ಈ ಮಾತು ನಾನು ಆಡಬೇಕಾಗಿತ್ತು.

ಫೆಬ್ರವರಿ 22, ಶನಿವಾರ

ಟಿಕ್.

ಮಾರ್ಚ್ 8, ಶನಿವಾರ

ಟಿಕ್. ಈಗ ಕೈ ತಾನಾಗಿಯೇ ಹಾಕುತ್ತದೆ. ಪಕ್ಕದಲ್ಲಿ ದರ್ಜಿಯ ತಾಯಿ ಸ್ಕ್ರೀನಿನ ಮೇಲೆ. ಎಡಗಣ್ಣು ಮುಗಿದಿದೆ. ಬಲಗಣ್ಣಿಗೆ ಮೂರು ದಿನ ಬೇಕಂತೆ.

ಮಾರ್ಚ್ 12, ಬುಧವಾರ, ಸಂಜೆ 4.10

ಜಯ! ಜಯ!

ಅವಳು ಪೇಪರ್ ತರಲು ಅಂಗಡಿಗೆ ಹೋಗಿದ್ದಾಳೆ. ಅವಳ ಕಂಪ್ಯೂಟರಿನಲ್ಲಿ ಏನೋ ಓದುತ್ತಿದ್ದೆ. ಫಟ್ಟನೆ ಕೆಂಪು ಚೌಕ. ‘ಎಚ್ಚರಿಕೆ! ನಿಮ್ಮ ಕಂಪ್ಯೂಟರಿನಲ್ಲಿ 37 ವೈರಸ್ ಪತ್ತೆಯಾಗಿವೆ!’

ಮೂವತ್ತೇಳು! ಭಾವ ಒಂದು ಭಾನುವಾರ ಪೂರ್ತಿ ಕೂತು ಕಟ್ಟಿದ ಕೋಟೆಯಲ್ಲಿ ಮೂವತ್ತೇಳು! ಇಷ್ಟು ಸಂತೋಷ ನನಗೆ ಪಿಎಚ್.ಡಿ. ಬಂದಾಗಲೂ ಆಗಿರಲಿಲ್ಲ. ‘ಈಗಲೇ ಸ್ವಚ್ಛಗೊಳಿಸಿ’ ಅಂತ ಕೆಳಗೆ ಬಟನ್. ಒತ್ತಿದೆ. ಆಂಟಿವೈರಸ್ ಅಡ್ಡ ಬಂತು, ಇದು ಅಪಾಯ, ಬೇಡ ಅಂತ. ಅನ್ನದೆ ಇರುತ್ತದೆಯೆ? ಅದು ಭಾವನ ಕಡೆಯದು! ಹತ್ತು ನಿಮಿಷ ಆಫ್ ಮಾಡಿ ಅದರ ಬಾಯಿ ಮುಚ್ಚಿಸಿದೆ. ಚೀಟಿ ನೋಡಿ ದೊಡ್ಡ ಪಾಸ್‌ವರ್ಡ್ ಹಾಕಿದೆ.

ಸ್ವಚ್ಛವಾಗುತ್ತಿದೆ. ಅವಳು ಬಂದಾಗ ಹೇಳುವ ಮಾತು ಜೋಡಿಸುತ್ತಿದ್ದೇನೆ. ‘ಭಾವ ಪಾಪ ಒಳ್ಳೆಯವರೇ, ಆದರೆ ಲಿಫ್ಟ್ ಬೇರೆ ಕಂಪ್ಯೂಟರ್ ಬೇರೆ ನೋಡು…’ ಧ್ವನಿಯಲ್ಲಿ ಸ್ವಲ್ಪ ಕನಿಕರ ಇರಬೇಕು.

ಸಂಜೆ 5.30

ಒಂದು ಫೋಟೋವೂ ತೆರೆಯುತ್ತಿಲ್ಲ. ಹೆಸರುಗಳ ಬಾಲಕ್ಕೆ ಏನೇನೋ ಅಕ್ಷರ. ಸ್ಕ್ರೀನಿನ ನಡುವೆ ಒಂದು ಚೀಟಿ — ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಹಣ ಕಳಿಸಿ.

ಇಪ್ಪತ್ತು ವರ್ಷದಿಂದ ಹುಡುಗರಿಗೆ ಇತಿಹಾಸ ಪಾಠ ಮಾಡುತ್ತಿದ್ದೇನೆ. ಕೋಟೆಗಳು ಹೆಚ್ಚಾಗಿ ಬೀಳುವುದು ಫಿರಂಗಿಯಿಂದಲ್ಲ, ಒಳಗಿನವನೊಬ್ಬ ಚಿಲಕ ತೆಗೆದಾಗ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ.

ಅವಳು ಬಂದಳು. ನೋಡಿದಳು. ಇಂಟರ್‌ನೆಟ್ ತಂತಿ ಕಿತ್ತಳು. ‘ಏನೋ ಬಂತು, ಒತ್ತಿದೆ’ ಅಂದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಹೋಗ್ಲಿ ಬಿಡಿ. ಯಾರಿಗಾದ್ರೂ ಆಗುತ್ತೆ. ಡಿಸ್ಕ್ ಇದೆಯಲ್ಲ… ಶನಿವಾರ ತಾನೆ ಮಾಡಿದ್ದೀರಿ?”

ಹೂಂ ಅಂದೆ.

ಹೂಂ ಅಂದುಬಿಟ್ಟೆ.

ಮಾರ್ಚ್ 13, ಗುರುವಾರ

ಸಂಜೆ ಆರಕ್ಕೆ ಭಾವ ಬಂದ. ಡಿಸ್ಕನ್ನು ಕೆಟ್ಟ ಕಂಪ್ಯೂಟರಿಗೆ ಚುಚ್ಚಲಿಲ್ಲ. ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಅವಳು ಅವನ ಭುಜದ ಹಿಂದೆ ನಿಂತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ, ಅದು ಬಿದ್ದುಹೋಗುತ್ತದೇನೋ ಅನ್ನುವ ಹಾಗೆ.

ಕೊನೆಯ ಕಾಪಿ ಜನವರಿ 18. ಭಾವ ತಲೆಯೆತ್ತಿ ಗೋಡೆಯ ಹಾಳೆ ನೋಡಿದ. ಹತ್ತು ಟಿಕ್. ಆಮೇಲೆ ನನ್ನ ಕಡೆ ನೋಡಿದ. ಎಣಿಸಿದ ಅಂತ ಗೊತ್ತಾಯಿತು. ಅವನ ಕೆಲಸವೇ ಅದಲ್ಲವೆ.

“ಡಿಸ್ಕ್ ಕೈಕೊಟ್ಟಿದೆ ಕಣಮ್ಮ,” ಅಂದ. “ಮೇಷ್ಟ್ರು ಹಾಕಿದ್ದಾರೆ, ಇದು ಹಿಡ್ಕೊಂಡಿಲ್ಲ. ಜನವರಿವರೆಗಿಂದು ಮಾತ್ರ ಇದೆ.”

ಅವಳು ಕುರ್ಚಿ ಎಳೆದು ಕೂತಳು. “ಅಂದ್ರೆ ದರ್ಜಿ ಅಜ್ಜನ ಫೋಟೋ…”

“ಇಲ್ಲ ಕಣಮ್ಮ.”

ಡಿಸ್ಕನ್ನು ಬೆರಳಿನಿಂದ ತನ್ನ ಕಡೆ ಎಳೆದುಕೊಂಡಳು. “ಡಿಸ್ಕ್ ಆರಿಸಿದ್ದು ನಾನೇ. ಅಗ್ಗ ಅಂತ ತಂದೆ.” ಆಮೇಲೆ ನನ್ನ ಕಡೆ ತಿರುಗಿ, “ಪಾಪ, ನೀವು ಪ್ರತಿ ಶನಿವಾರ ಕೂತು ಮಾಡಿದ್ರಿ.”

ಭಾವನನ್ನು ಕೆಳಗೆ ಬಿಡಲು ಹೋದೆ. ಲಿಫ್ಟಿನಲ್ಲಿ ನಾವಿಬ್ಬರೇ. ಅಭ್ಯಾಸಬಲ, ಅಲ್ಲಿ ತೂಗುಬಿಟ್ಟ ಹಾಳೆಯ ಮೇಲೆ ಅವನ ಕಣ್ಣು.

“ಯಾಕೆ ಹಾಗೆ ಹೇಳಿದ್ರಿ ಭಾವ?”

“ಇಪ್ಪತ್ತೆರಡು ವರ್ಷ ಸರ್ವೀಸು ಮೇಷ್ಟ್ರೇ. ಒಂದೂ ಸುಳ್ಳು ಟಿಕ್ ಹಾಕಿರ್ಲಿಲ್ಲ. ಇವತ್ತು ಬಾಯಲ್ಲಿ ಹಾಕಿದೆ.” ಬಾಗಿಲು ತೆರೆಯಿತು. “ಅವಳ ಮುಖ ನೋಡಿ, ಆ ಹೊತ್ತಿಗೆ ಬೇರೆ ಏನೂ ತೋಚ್ಲಿಲ್ಲ.”

ಬೈಕಿನ ಕಿಕ್ ಹೊಡೆದು ಹೋದ.

ಮಾರ್ಚ್ 14, ಶುಕ್ರವಾರ

ಕಾಲೇಜಿಗೆ ಹೋಗಿ ಬಂದೆ. ಏನು ಪಾಠ ಮಾಡಿದೆನೋ ಹುಡುಗರನ್ನೇ ಕೇಳಬೇಕು.

ಉಪಕಾರ ಅಂತ ಒಪ್ಪಿಕೊಳ್ಳಲು ನೋಡಿದೆ. ಆಗುತ್ತಿಲ್ಲ. ಯಂತ್ರ ಸರಿಮಾಡುವುದರಲ್ಲಿ ಅವನೇ ಮುಂದೆ. ತಾಳ್ಮೆಯಲ್ಲಿ ಅವನೇ ಮುಂದೆ. ಈಗ ಸುಳ್ಳು ಹೇಳುವುದರಲ್ಲೂ ಅವನೇ? ಹದಿನಾರು ವರ್ಷದಿಂದ ಈ ಮನೆಯಲ್ಲಿ ಅವಳಿಗೆ ಸುಳ್ಳು ಹೇಳುವ ಹಕ್ಕು ನನ್ನೊಬ್ಬನದು! ಅದನ್ನೂ ನನಗಿಂತ ಚೆನ್ನಾಗಿ ಹೇಳಿ, ಅವಳ ಕಣ್ಣಲ್ಲಿ ನನ್ನನ್ನು ಒಳ್ಳೆಯವನನ್ನಾಗಿ ಮಾಡಿ ಹೋದ. ಈಗ ಅವಳ ಕಣ್ಣಲ್ಲಿರುವ ಈ ಒಳ್ಳೆಯ ಗಂಡ ಭಾವ ಮಾಡಿಟ್ಟವನು. ಬೀರುವಿನಲ್ಲಿಟ್ಟ ಕಾಪಿ. ಆ ಗಂಡನನ್ನು ಕಂಡರೂ ನನಗೆ ಹೊಟ್ಟೆಕಿಚ್ಚು.

ಬೇಲಿಯೇ ಎದ್ದು ಹೊಲ ಮೇಯ್ದರೆ, ಹಾದಿಹೋಕರು ಹಸುವನ್ನಾದರೂ ಬೈಯುತ್ತಾರೆ. ಇಲ್ಲಿ ಹೊಲವೇ ತನ್ನನ್ನು ಬೈದುಕೊಳ್ಳುತ್ತಿದೆ. ಕನ್ನಡಿಯ ಮುಂದೆ ನಿಂತು ಅವಳು ಅಭ್ಯಾಸ ಮಾಡುತ್ತಿದ್ದಳು. “ಅಜ್ಜ, ತಪ್ಪು ನಂದೇ. ಡಿಸ್ಕ್ ನೋಡ್ಕೊಂಡು ತರ್ಲಿಲ್ಲ…” ಎರಡು ಸಲ ಹೇಳಿದಳು. ಎರಡನೇ ಸಲ ಅರ್ಧಕ್ಕೇ ನಿಲ್ಲಿಸಿ ಮುಖ ತೊಳೆಯಲು ಹೋದಳು.

ಮಾರ್ಚ್ 15, ಶನಿವಾರ, ಬೆಳಿಗ್ಗೆ 10.40

ದರ್ಜಿ ಹನ್ನೊಂದಕ್ಕೆ ಬರುತ್ತಾನೆ.

ಮೇಜಿನ ಮೇಲೆ ಅವಳು ಲಕೋಟೆ ಇಟ್ಟಿದ್ದಾಳೆ. ಗಾಜಿನಿಂದ ಎದ್ದು ಬಂದ ಚೂರುಗಳು. ಯಂತ್ರದ ಚಕ್ರ, ಸೀರೆಯ ಅಂಚು, ಒಂದು ಕೈಬೆರಳು. ಮುಖ ಇಲ್ಲ.

ಗೋಡೆಯಿಂದ ಹಾಳೆ ಬಿಡಿಸಿದೆ. ಮೂಲೆ ಸ್ವಲ್ಪ ಹರಿಯಿತು. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ತೆಗೆದು, ಕೊನೆಯ ಏಳು ಟಿಕ್‌ಗಳಿಗೆ ಸುತ್ತು ಹಾಕಿದೆ. ಜನವರಿ 25ರಿಂದ ಮಾರ್ಚ್ 8. ಬೇರೆಯವರನ್ನು ನೋಡಿ ಬರೆದ ಹುಡುಗರಿಗೆ ನಾನು ಹೀಗೇ ಸುತ್ತುವುದು. ಒಂದು ಜೋಕು ಜೋಡಿಸಲು ನೋಡಿದೆ. ಬರಲಿಲ್ಲ.

“ರೀ… ಗೋಡೆ ಮೇಲಿನ ಹಾಳೆ ಎಲ್ಲಿ? ಇವತ್ತು ಶನಿವಾರ ಅಲ್ವಾ?”

“ನನ್ನ ಹತ್ರ ಇದೆ.”

“ಯಾಕೆ?”

“ಬಾ ಇಲ್ಲಿ. ಅಜ್ಜ ಬರೋಕೆ ಮುಂಚೆ ಒಂದು ವಿಷಯ ಹೇಳ್ಬೇಕು. ಡಿಸ್ಕ್ ಸರಿಯಾಗೇ ಇದೆ.”

ಅಡುಗೆಮನೆಯ ನಲ್ಲಿ ನಿಂತಿತು. ಬರುತ್ತಿದ್ದಾಳೆ. ಕೈ ಒರೆಸಿಕೊಳ್ಳುತ್ತ—